ಕೆಂಪು ಧೂಳಿನ ನಾಡಿನಲ್ಲಿ ಹಳೆ ಬೂಟಿನ ಹೊಸ ಅಂದ

ಹೊಸಪೇಟೆಯಿಂದ ಸಂಡೂರಿನ ಕಡೆಗೆ ಓಡಾಡುವವರ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು ಬಿಳಿಯಾಗಿ ಉಳಿಯುವುದಿಲ್ಲ. ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳಿನಲ್ಲಿ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್, ತುಂಬಿಕೊಂಡಿರುತ್ತದೆ. ಬಟ್ಟೆಯ ಎಳೆಗಳ ನಡುವೆ ಹೊಕ್ಕ ಆ ಕೆಂಪು ಬರೀ ಸೋಪಿಗೆ ಜಗ್ಗುವುದಿಲ್ಲ. ಬ್ಲೀಚ್ ಹಾಕಿದರೆ ಕಬ್ಬಿಣದ ಕಲೆ ಇನ್ನಷ್ಟು ಗಟ್ಟಿಯಾಗುವುದೇ ಹೆಚ್ಚು. ಕಂಪ್ಲಿಯ ಗದ್ದೆ ಬದಿಯ ಕೆಸರಿನ ರೀತಿಯೇ ಬೇರೆ. ಒಣಗಿಸಿ ಬ್ರಷ್ಷಿನಿಂದ ಉಜ್ಜಿದರೆ ಬಹುಪಾಲು ಉದುರುತ್ತದೆ, ಆದರೆ ನೆಂದು ಒಣಗಿ, ನೆಂದು ಒಣಗಿ ಅಟ್ಟೆಯ ಅಂಟು ಬಾಯಿಬಿಟ್ಟಿರುತ್ತದೆ. ಹಂಪಿಯ ಬಂಡೆಗಳ ಮೇಲೆ ತಿರುಗಿದ ಚಪ್ಪಲಿಯಲ್ಲಿ ಮೇಲಿನ ಪಟ್ಟಿ ಚೆನ್ನಾಗಿಯೇ ಇದ್ದು ಅಡಿ ಸವೆದಿರುತ್ತದೆ.

ಮನೆಯ ಹಳೆಯ ಬೂಟು, ಚಪ್ಪಲಿಗಳನ್ನು ಬಣ್ಣ, ಬಟ್ಟೆ, ದಾರ ಹಿಡಿದು ಹೊಸದಾಗಿಸುತ್ತ ನಾನು ಕಲಿತ ಮೊದಲ ಪಾಠ ಇದೇ: ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಬೂಟು ಎಲ್ಲಿ ಸವೆದಿದೆ, ಯಾವ ಮಣ್ಣು ಅದನ್ನು ತಿಂದಿದೆ ಎಂದು ನೋಡಬೇಕು. ಅಂದಕ್ಕಿಂತ ಮೊದಲು ಅಟ್ಟೆ.

ಬಿಟ್ಟುಹೋದ ಅಟ್ಟೆಗೆ ಚಪ್ಪಲಿ ಹೊಲಿಯುವವರು ‘ಸಲ್ಯೂಷನ್’ ಎಂದು ಕರೆಯುವ ಅಂಟೇ ಆಗಬೇಕು. ಅದನ್ನು ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಮೆತ್ತದಷ್ಟು ಒಣಗುವವರೆಗೆ ಕಾದು, ಆಮೇಲೆ ಒತ್ತಿ ಕೂರಿಸುತ್ತಾರೆ. ಒಮ್ಮೆ ಕೂತರೆ ಸರಿಸಲು ಬರುವುದಿಲ್ಲ. ಹೊಲಿಗೆಯೇ ಹರಿದಿದ್ದರೆ ಮೇಣ ಸವರಿದ ದಾರ, ಅವರ ಅನುಭವದ ಕೈ ಎರಡೂ ಬೇಕು. ಅಲ್ಲಿ ಕೊಡುವ ಹಣ ಮುಂದಿನ ಎಲ್ಲ ಕೆಲಸಕ್ಕೂ ಬುನಾದಿ.

ಬಣ್ಣದ ಸರದಿ ಅನಂತರ. ಲಾಡಿ, ಒಳಹಾಸು ತೆಗೆದು, ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಬೇಕು. ಒಳಗೆ ಹಳೆಯ ಪತ್ರಿಕೆ ತುರುಕಿದರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ. ರಬ್ಬರಿನ ಅಂಚಿಗೆ ಮಾಸ್ಕಿಂಗ್ ಟೇಪ್ ಸುತ್ತಿದರೆ ಗೆರೆ ನೇರವಾಗಿ ಬರುತ್ತದೆ. ಫ್ಯಾಬ್ರಿಕ್ ಪೇಂಟನ್ನು ಒಂದೇ ಸಲ ದಪ್ಪಗೆ ಬಳಿಯುವುದಕ್ಕಿಂತ ತೆಳ್ಳಗೆ ಪದರ ಪದರವಾಗಿ ಹಚ್ಚುವುದು ಒಳ್ಳೆಯದು. ದಪ್ಪ ಪದರ ಬೆರಳು ಮಡಿಯುವ ಜಾಗದಲ್ಲಿ ಬಿರಿಯುತ್ತದೆ. ಚರ್ಮವಾದರೆ ಹಳೆಯ ಪಾಲಿಶ್ ಪೂರ್ತಿ ಹೋಗುವಂತೆ ಒರೆಸಿಯೇ ಅಕ್ರಿಲಿಕ್ ಹಚ್ಚಬೇಕು, ಇಲ್ಲವಾದರೆ ಹೊಪ್ಪಳೆ ಏಳುತ್ತದೆ. ಇನ್ನು ಯಾವ ಬಣ್ಣ? ಈ ಸೀಮೆಗೆ ನನ್ನ ಆಯ್ಕೆ ಇಟ್ಟಿಗೆಗೆಂಪು, ಕಾವಿ, ಕಡುಗಂದು. ಇವುಗಳ ಮೇಲೆ ಸಂಡೂರಿನ ಧೂಳು ಕೂತರೂ ಕಣ್ಣಿಗೆ ಹೊಡೆಯುವುದಿಲ್ಲ.

ಮನಸ್ಸು ನಿಜವಾಗಿ ನಿಲ್ಲುವುದು ಸೂಜಿ ಕೆಲಸದಲ್ಲಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಕಾರ್ಯತಂಡದ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ದುಡಿಯುವ 450ಕ್ಕೂ ಹೆಚ್ಚು ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕಿಲನ್, ವೇಲೆ, ಮಾಕಿ, ಪೋಟೆ, ಕೌದಿ ಎಂದು ಅವರ ಹೊಲಿಗೆಗಳಿಗೆ ಒಂದೊಂದಕ್ಕೂ ಹೆಸರಿದೆ. ಕೌದಿ ಎಂದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರವಾಗಿ ಕೂಡಿಸಿ ಹೊಲಿದ ಹೊದಿಕೆಯೂ ಹೌದು. ಅಲ್ಲಿ ತೇಪೆಯೇ ಚೆಲುವು, ಹೊಲಿಗೆಯೇ ಬಲ. ದುರಸ್ತಿ, ಅಲಂಕಾರ ಎಂಬ ಎರಡು ಕೆಲಸ ಅಲ್ಲಿಲ್ಲ, ಇರುವುದು ಒಂದೇ. ಹಳೆ ಬೂಟಿಗೂ ಬೇಕಾದದ್ದು ಇದೇ ವಿದ್ಯೆ.

ಆದರೆ ಬೂಟಿನ ಮೂತಿಯೊಳಗೆ ಕೈ ತೂರಿಸಿ ಕಸೂತಿ ಹಾಕಲು ಆಗದು. ಬಟ್ಟೆಯ ತುಂಡನ್ನು ಸಮವಾಗಿ ಹಾಸಿಕೊಂಡು ಕಸೂತಿ ಮುಗಿಸಿ, ಹಿಂಬದಿಗೆ ಗಟ್ಟಿ ಬಟ್ಟೆಯ ಆಸರೆ ಕೊಟ್ಟು, ಹರಿದ ಜಾಗದ ಮೇಲೆ ಕೂರಿಸಿ ಸುತ್ತ ಹೊಲಿಯುವುದು ಸರಿಯಾದ ದಾರಿ. ಕಸೂತಿಯಲ್ಲಿ ಕೂರಿಸುವ ಕನ್ನಡಿ ಬಿಲ್ಲೆಗಳಿಗೆ ಹಿಮ್ಮಡಿಯ ಪಕ್ಕ ಸುರಕ್ಷಿತ. ಬೆರಳು ಮಡಿಯುವ ಗೆರೆಯ ಮೇಲಿಟ್ಟರೆ ದಾರ ಸಡಿಲವಾಗಿ ಕಳಚುತ್ತವೆ. ಕವಡೆ, ನಾಣ್ಯಗಳಿಗೂ ತುದಿ ಜಾಗವಲ್ಲ, ಕಲ್ಲಿಗೆ ಎಡವಿದ ಮೊದಲ ಪೆಟ್ಟು ಬೀಳುವುದು ಅಲ್ಲಿಗೇ.

ಪಟ್ಟಿ ಚಪ್ಪಲಿಗೆ ಈ ನೆಲದಲ್ಲಿ ಹಳೆಯ ಸಾಕ್ಷಿಯೂ ಇದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಹೆಚ್ಚಿನ ಜನ ಬರಿಗಾಲಲ್ಲಿ ನಡೆಯುತ್ತಿದ್ದರೆಂದು ಬರೆದಿದ್ದಾನೆ. ಚೂಪು ತುದಿಯ ಮೆಟ್ಟುಗಳನ್ನೂ, ಬರೀ ಅಟ್ಟೆಗೆ ಪಟ್ಟಿ ಕಟ್ಟಿದ ಮೆಟ್ಟುಗಳನ್ನೂ ಕಂಡು, ಪಟ್ಟಿಯವನ್ನು ಪ್ರಾಚೀನ ರೋಮನ್ನರ ಪಾದರಕ್ಷೆಗೆ ಹೋಲಿಸಿದ್ದಾನೆ. ಹೊಸದಾಗಿ ಕೈಹಾಕುವವರು ಈ ಪಟ್ಟಿ ಚಪ್ಪಲಿಯಿಂದಲೇ ಶುರು ಮಾಡಲಿ. ಪಟ್ಟಿ ಅಷ್ಟಾಗಿ ಮಡಿಯುವುದಿಲ್ಲ, ಸುತ್ತಿ ಹೊಲಿದ ಕಸೂತಿ ಬಹುಕಾಲ ನಿಲ್ಲುತ್ತದೆ. ಹಂಪಿಯಿಂದ ಹೊಳೆಯಾಚೆ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್‌ನ ನೆರವಿನಿಂದ ಬಾಳೆ ನಾರಿನ ಕೆಲಸ ಬೆಳೆದಿದೆ. ಹೆಣೆದ ನಾರಿನ ಹುರಿ ಅಂಚಿಗೆ ಒಪ್ಪುತ್ತದೆ. ನಾರು ನೀರು ಹೀರುವುದರಿಂದ ಮಳೆಗಾಲಕ್ಕೆ ಮಾತ್ರ ಬೇಡ.

ಕೊನೆಯದಾಗಿ ಒಂದು ಕೋರಿಕೆ. ಮನೆಯಲ್ಲಿ ನಾವೇ ಹಾಕಿದ ಹೊಲಿಗೆಯನ್ನು ಸಂಡೂರು ಲಂಬಾಣಿ ಕಸೂತಿ ಎಂದು ಹೇಳಿ ಮಾರಬಾರದು. ಆ ಹೆಸರು ಅದನ್ನು ಉಳಿಸಿಕೊಂಡು ಬಂದವರದು. ಅಸಲಿ ತುಂಡೇ ಬೇಕೆನಿಸಿದರೆ ಲಂಬಾಣಿ ತಾಂಡಾದ ಹೆಂಗಸರಿಂದಲೋ ಕುಶಲ ಕಲಾ ಕೇಂದ್ರದಿಂದಲೋ ಕೊಳ್ಳಿ. ಅಂಗೈಯಗಲದ ಕಸೂತಿಗೆ ಎಷ್ಟು ಹೊತ್ತು ಹಿಡಿಯುತ್ತದೆಂಬುದು ಸೂಜಿ ಹಿಡಿದು ಕೂತ ಯಾರಿಗೂ ಬೇಗ ತಿಳಿಯುತ್ತದೆ. ಅವರು ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಿ.