ಶುಶ್ರೂಷೆ: ವಿದ್ಯೆ ಮತ್ತು ವೃತ್ತಿ

ಚಿಕಿತ್ಸೆಯು ವೈದ್ಯನೊಬ್ಬನಿಂದಲೇ ಪೂರ್ಣವಾಗುವ ಕಾರ್ಯವಲ್ಲ. ಆಯುರ್ವೇದದ ಆಕರಗ್ರಂಥಗಳಲ್ಲೊಂದಾದ ಚರಕಸಂಹಿತೆಯು ಈ ಮಾತನ್ನು ಬಹು ಹಿಂದೆಯೇ ಹೇಳಿದೆ. ಅದರ ಪ್ರಕಾರ ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಲ್ಲಿರಬೇಕಾದ ಗುಣಗಳೂ ನಾಲ್ಕು. ಅವು ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಪ್ರೀತಿ ಮತ್ತು ಶುಚಿತ್ವ. ಇವುಗಳಲ್ಲಿ ಅರಿವನ್ನು ಮೊದಲು ಹೇಳಿರುವುದು ಗಮನಾರ್ಹವಾದುದು. ರೋಗಿಯನ್ನು ಕಂಡು ಮರುಗುವ ಹೃದಯವೊಂದಿದ್ದರೆ ಸಾಲದು. ಯಾವ ಹೊತ್ತಿನಲ್ಲಿ ಏನು ಮಾಡಬೇಕೆಂಬ ತಿಳಿವಳಿಕೆಯೂ ಇರಬೇಕು.

ಆಧುನಿಕ ಕಾಲದಲ್ಲಿ ಈ ಸತ್ಯವನ್ನು ಲೋಕಕ್ಕೆ ಮನಗಾಣಿಸಿದವಳು ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ ಕ್ರಿಮಿಯಾ ಯುದ್ಧದ ಸಂದರ್ಭದಲ್ಲಿ ಆಕೆ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಸೈನಿಕ ಆಸ್ಪತ್ರೆಗೆ ಹೋದಳು. ಆ ಯುದ್ಧದಲ್ಲಿ ಗಾಯಗಳಿಂದ ಸತ್ತ ಬ್ರಿಟಿಷ್ ಸೈನಿಕರಿಗಿಂತ ರೋಗಗಳಿಂದ ಸತ್ತವರೇ ಹೆಚ್ಚು. ಕೊಳಕು, ದುರ್ಗಂಧ ಮತ್ತು ಗಾಳಿಯಿಲ್ಲದ ಕೋಣೆಗಳು ಎಷ್ಟು ಪ್ರಾಣಗಳನ್ನು ಕಳೆಯುತ್ತವೆ ಎಂಬುದನ್ನು ಆಕೆ ಮುಂದೆ ಅಂಕಿ ಅಂಶಗಳ ಮೂಲಕ ತೋರಿಸಿಕೊಟ್ಟಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ತರಬೇತಿ ಶಾಲೆ ಆರಂಭವಾಯಿತು. ಶುಶ್ರೂಷೆಯು ಕಲಿತು ಮಾಡಬೇಕಾದ ವೃತ್ತಿ ಎಂಬ ಭಾವನೆ ಅಲ್ಲಿಂದ ಬಲಗೊಂಡಿತು.

ಇಂದಿನ ಆಸ್ಪತ್ರೆಯಲ್ಲಿ ಈ ಕಲಿಕೆಯ ಅಗತ್ಯ ಇನ್ನೂ ಹೆಚ್ಚಾಗಿದೆ. ವೈದ್ಯರು ವಾರ್ಡಿಗೆ ಬಂದು ರೋಗಿಯನ್ನು ನೋಡಿ ಹೋಗುತ್ತಾರೆ. ಶುಶ್ರೂಷಕಿಯು ಹಗಲಿರುಳೂ ಅಲ್ಲಿಯೇ ಇರುತ್ತಾಳೆ. ಶಸ್ತ್ರಚಿಕಿತ್ಸೆಯಾದ ರೋಗಿಯ ನಾಡಿ ಏಕಾಏಕಿ ತೀವ್ರವಾಗಿ, ರಕ್ತದೊತ್ತಡ ಇಳಿದು, ಮೈ ತಣ್ಣಗಾದರೆ ದೇಹದೊಳಗೆ ರಕ್ತಸ್ರಾವವಾಗುತ್ತಿರಬಹುದು. ಅದನ್ನು ಮೊದಲು ಗುರುತಿಸಬೇಕಾದವಳು ಅವಳೇ. ಮಗುವಿಗೆ ಕೊಡುವ ಔಷಧದ ಲೆಕ್ಕದಲ್ಲಿ ದಶಮಾಂಶ ಬಿಂದುವೊಂದು ಒಂದು ಸ್ಥಾನ ಬಲಕ್ಕೆ ಸರಿದರೆ ಪ್ರಮಾಣ ಹತ್ತು ಪಟ್ಟಾಗುತ್ತದೆ. ಇಂತಹ ಕೆಲಸದಲ್ಲಿ ಅಜ್ಞಾನಕ್ಕೆ ಎಡೆಯಿಲ್ಲ.

ಭಾರತದಲ್ಲಿ ಈ ವೃತ್ತಿಯನ್ನು ಸೇರಲು ಮುಖ್ಯವಾಗಿ ಮೂರು ಬಾಗಿಲುಗಳಿವೆ. ಮೂರಕ್ಕೂ ಎರಡನೆಯ ಪಿ.ಯು.ಸಿ. ತೇರ್ಗಡೆ ಸಾಮಾನ್ಯವಾದ ಅರ್ಹತೆ. ಮೊದಲನೆಯದು ಎರಡು ವರ್ಷಗಳ ಎ.ಎನ್.ಎಂ. ಶಿಕ್ಷಣ. ಇದನ್ನು ಪಡೆದವರು ಹೆಚ್ಚಾಗಿ ಹಳ್ಳಿಯ ಉಪಕೇಂದ್ರಗಳಲ್ಲಿ ಗರ್ಭಿಣಿಯರ ಆರೈಕೆ, ಮಕ್ಕಳಿಗೆ ಲಸಿಕೆ ಮುಂತಾದ ಕಾರ್ಯಗಳನ್ನು ನೋಡಿಕೊಳ್ಳುತ್ತಾರೆ. ಎರಡನೆಯದು ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ. ಪಿ.ಯು.ಸಿ.ಯಲ್ಲಿ ಕಲೆ ಅಥವಾ ವಾಣಿಜ್ಯ ವಿಷಯಗಳನ್ನು ಓದಿದವರಿಗೂ ಇದರಲ್ಲಿ ಅವಕಾಶವುಂಟು. ಮೂರನೆಯದು ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿ. 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಈ ಪದವಿ ಶಿಕ್ಷಣ ಮೊದಲಾಯಿತು. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಜೀವಶಾಸ್ತ್ರಗಳನ್ನು ಓದಿರಬೇಕು. ಆದ್ದರಿಂದ ಪದವಿಯನ್ನು ಬಯಸುವ ವಿದ್ಯಾರ್ಥಿಯು ಹತ್ತನೆಯ ತರಗತಿ ಮುಗಿದೊಡನೆ ವಿಷಯಗಳನ್ನು ವಿಚಾರಮಾಡಿ ಆರಿಸಿಕೊಳ್ಳುವುದು ಅವಶ್ಯಕ. ಜಿ.ಎನ್.ಎಂ. ಮತ್ತು ಬಿ.ಎಸ್ಸಿ. ಶಿಕ್ಷಣಗಳು ಹುಡುಗರಿಗೂ ತೆರೆದಿವೆ.

ಒಂದು ಬಾಗಿಲಿನಿಂದ ಒಳಬಂದವರು ಅಲ್ಲಿಯೇ ನಿಲ್ಲಬೇಕಾಗಿಲ್ಲ ಎಂಬುದು ಈ ವೃತ್ತಿಯ ವಿಶೇಷ. ಎ.ಎನ್.ಎಂ. ಆಗಿ ನೋಂದಾಯಿತರಾದವರು ಜಿ.ಎನ್.ಎಂ. ಓದಬಹುದು. ಜಿ.ಎನ್.ಎಂ. ಮುಗಿಸಿ ನೋಂದಾಯಿತರಾದವರು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವೀಧರರಾಗಬಹುದು. ಆ ಬಳಿಕ ಎರಡು ವರ್ಷಗಳ ಎಂ.ಎಸ್ಸಿ.ಯಲ್ಲಿ ಮಕ್ಕಳ ಶುಶ್ರೂಷೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಮೊದಲಾದ ಶಾಖೆಗಳಲ್ಲೊಂದನ್ನು ವಿಶೇಷವಾಗಿ ಅಭ್ಯಸಿಸಬಹುದು. ಕಾಲೇಜಿನ ಅಧ್ಯಾಪನ ಹಾಗೂ ಸಂಶೋಧನೆಗಳ ದಾರಿ ಅಲ್ಲಿಂದ ಮುಂದೆ ಸಾಗುತ್ತದೆ.

ಹೀಗಿರುವಾಗ ಯಾವುದನ್ನು ಆರಿಸಿಕೊಳ್ಳಬೇಕು? ಅದನ್ನು ವಿದ್ಯಾರ್ಥಿಯ ಆಸಕ್ತಿ, ಓದಿದ ವಿಷಯಗಳು ಮತ್ತು ಮನೆಯ ಆರ್ಥಿಕ ಸ್ಥಿತಿ ಇವು ಒಟ್ಟಾಗಿ ನಿರ್ಧರಿಸುತ್ತವೆ. ವಿಜ್ಞಾನವನ್ನು ಓದಿ, ನಾಲ್ಕು ವರ್ಷಗಳ ವೆಚ್ಚವನ್ನು ಭರಿಸಬಲ್ಲವರಿಗೆ ಪದವಿಯು ನೇರವಾದ ಮಾರ್ಗ. ಬೇಗನೆ ದುಡಿದು ಮನೆಗೆ ಆಸರೆಯಾಗಬೇಕಾದವರಿಗೆ ಡಿಪ್ಲೊಮಾ ಸೂಕ್ತವಾಗಬಹುದು. ಅವರು ಸಂಪಾದಿಸತೊಡಗಿದ ಮೇಲೆ ಪದವಿಯನ್ನು ಪಡೆಯಬಹುದು. ದಾರಿ ಬಳಸಾದರೆ ಕಾಲ ಹೆಚ್ಚು ಹಿಡಿಯುತ್ತದೆ. ಆದರೆ ಡಿಪ್ಲೊಮಾ ಮುಗಿಸಿ ಕೆಲವು ವರ್ಷ ವಾರ್ಡಿನಲ್ಲಿ ದುಡಿದವರಿಗೆ ಆ ಅನುಭವವು ಮುಂದಿನ ಓದಿನಲ್ಲಿ ದೊಡ್ಡ ಬಂಡವಾಳವಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಯಾರೂ ಅಲಕ್ಷ್ಯ ಮಾಡಬಾರದು. ಶುಶ್ರೂಷಾ ಶಿಕ್ಷಣದ ಮಟ್ಟವು ದೇಶದಾದ್ಯಂತ ಏಕರೂಪವಾಗಿರಬೇಕೆಂದು 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದಿತು. ಈ ವ್ಯವಸ್ಥೆಯನ್ನು ಹೊಸದಾಗಿ ರೂಪಿಸಲು ಸಂಸತ್ತು 2023ರಲ್ಲಿ ರಾಷ್ಟ್ರೀಯ ಆಯೋಗವೊಂದರ ಕಾಯಿದೆಯನ್ನು ಅಂಗೀಕರಿಸಿತು. ಶಿಕ್ಷಣ ಮುಗಿದ ಮೇಲೆ ರಾಜ್ಯದ ನೋಂದಣಿಯಲ್ಲಿ ಹೆಸರು ಸೇರಿದರೆ ಮಾತ್ರ ವೃತ್ತಿಗೆ ಅಧಿಕಾರ ದೊರೆಯುತ್ತದೆ. ಮಾನ್ಯತೆಯಿಲ್ಲದ ಸಂಸ್ಥೆಯಲ್ಲಿ ಓದಿದವರಿಗೆ ಆ ನೋಂದಣಿ ಸಿಗುವುದಿಲ್ಲ. ಸಾಲ ಮಾಡಿ ಕಟ್ಟಿದ ಶುಲ್ಕವೂ ಕಳೆದ ವರ್ಷಗಳೂ ವ್ಯರ್ಥವಾಗುತ್ತವೆ. ಆದಕಾರಣ ಕಟ್ಟಡದ ಅಂದವನ್ನೂ ಜಾಹೀರಾತಿನ ಮಾತನ್ನೂ ನಂಬದೆ, ಸಂಸ್ಥೆಗೆ ಮಾನ್ಯತೆಯಿದೆಯೇ, ವಿದ್ಯಾರ್ಥಿಗಳ ಅಭ್ಯಾಸಕ್ಕೆ ಸಾಕಷ್ಟು ರೋಗಿಗಳಿರುವ ಆಸ್ಪತ್ರೆಯಿದೆಯೇ ಎಂಬುದನ್ನು ಸೇರುವ ಮುನ್ನವೇ ವಿಚಾರಿಸಬೇಕು.

ಮೂರು ಬಾಗಿಲುಗಳಲ್ಲಿ ಯಾವುದೂ ಕೀಳಲ್ಲ. ಹಳ್ಳಿಯ ಬಾಣಂತಿಯನ್ನು ಕಾಪಾಡುವವಳೂ ನಗರದ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಎಚ್ಚರವಾಗಿರುವವಳೂ ಪ್ರಾಣವನ್ನೇ ಕಾಯುತ್ತಾರೆ. ಆದರೆ ಒಳಬಂದ ಮೇಲೆ ಕಲಿಯುವುದನ್ನು ನಿಲ್ಲಿಸಿದವರು ಹಿಂದೆ ಬೀಳುತ್ತಾರೆ. ಅವರ ಹಿಂಜರಿತದ ನಷ್ಟವನ್ನು ರೋಗಿಯು ಅನುಭವಿಸಬೇಕಾಗುತ್ತದೆ. ಪದವಿಯ ಹೆಸರು ಪ್ರಮಾಣಪತ್ರದಲ್ಲಿರುತ್ತದೆ; ವಿದ್ಯೆಯ ಪರೀಕ್ಷೆಯಾದರೋ ರೋಗಿಯ ಹಾಸಿಗೆಯ ಬಳಿಯಲ್ಲಿ ದಿನದಿನವೂ ನಡೆಯುತ್ತದೆ.