ಕೆರೆಗೆ ಉಪ್ಪು ಎಲ್ಲಿಂದ ಬರುತ್ತದೆ? ನೀವೇ ಅಳೆದು ನೋಡಿ

ಅಮೆರಿಕದಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ಹರಿದು ಹಳ್ಳ, ಜೌಗು ಸೇರುವುದನ್ನು ಅಲ್ಲಿನ ಊರವರೇ ನೀರಿಗೆ ಪರೀಕ್ಷಾ ಪಟ್ಟಿ ಅದ್ದಿ ಅಳೆಯುತ್ತಾರೆ. ಕೆರೂರ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಹಿಮವಿಲ್ಲ. ಆದರೆ ಕೆರೆಗೆ ಉಪ್ಪು ಸೇರುವ ದಾರಿಗಳು ಇಲ್ಲೂ ಇವೆ: ಊರಿನ ಗಟಾರ, ಹೊಲಕ್ಕೆ ಹಾಕಿದ ಪೊಟ್ಯಾಷ್ ಗೊಬ್ಬರ, ನೇಕಾರರ ಊರುಗಳಲ್ಲಿ ನೂಲಿಗೆ ಬಣ್ಣ ಹಾಕಿದ ನೀರು. ಯಾರೂ ಗಮನಿಸದ ಇನ್ನೊಂದು ದಾರಿಯೆಂದರೆ ಶುದ್ಧ ನೀರಿನ ಘಟಕ. ನಮ್ಮ ಕ್ಯಾನಿಗೆ ಸಿಹಿ ನೀರು ಬೀಳುವಾಗ, ಅದರಿಂದ ಬೇರ್ಪಟ್ಟ ಉಪ್ಪೆಲ್ಲ ಹಿಂದಿನ ಪೈಪಿನಿಂದ ಹೊರಗೆ ಹರಿಯುತ್ತಿರುತ್ತದೆ. ಆ ಪೈಪು ಎಲ್ಲಿ ಮುಗಿಯುತ್ತದೆಂದು ಮೊದಲು ನೋಡಿ ಬನ್ನಿ.

ಬೇಕಾದ ಸಾಧನ ನೀರಿನಲ್ಲಿ ಕರಗಿದ ಲವಣಗಳನ್ನು ಅಂದಾಜಿಸುವ ಟಿಡಿಎಸ್ ಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದರೆ ಅಂಕಿ ಸೊನ್ನೆಯ ಹತ್ತಿರ ಇರಬೇಕು. ಪ್ರತಿ ಅಳತೆಯ ನಂತರವೂ ಅದೇ ನೀರಿನಲ್ಲಿ ತೊಳೆಯಿರಿ.

ಅಳೆಯುವ ಜಾಗಗಳನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬೇಡಿ. ಗಟಾರ ಹಳ್ಳಕ್ಕೆ ಕೂಡುವ ಜಾಗಕ್ಕಿಂತ ಸ್ವಲ್ಪ ಮೇಲೆ ಒಂದು, ಕೆಳಗೆ ಒಂದು, ಕೆರೆಯ ತೂಬಿನ ಬಳಿ ಮತ್ತೊಂದು. ಮೇಲಿನದಕ್ಕಿಂತ ಕೆಳಗಿನ ಅಂಕಿ ಪ್ರತಿ ಸಲವೂ ಹೆಚ್ಚಿದ್ದರೆ ಉಪ್ಪು ನಡುವೆ ಎಲ್ಲೋ ಸೇರುತ್ತಿದೆ. ಕೆಸರು ಕಲಕದಂತೆ ನೀರು ತುಂಬಿಕೊಳ್ಳಿ. ಇಬ್ಬರು ಹೋಗಿ, ಮಕ್ಕಳನ್ನಷ್ಟೇ ಕಳಿಸಬೇಡಿ. ತಿಂಗಳಿಗೊಮ್ಮೆ ಸಾಕು, ಆದರೆ ಮುಂಗಾರಿನ ಮೊದಲ ದೊಡ್ಡ ಮಳೆಯ ಮರುದಿನದ ಅಳತೆ ತಪ್ಪಿಸಬೇಡಿ.

ಅಂಕಿಯಷ್ಟೇ ಮುಖ್ಯವಾದದ್ದು ನೀರಿನ ಮಟ್ಟ. ನಮ್ಮ ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹೊಸದಾಗಿ ಒಂದು ಚಿಟಿಕೆ ಉಪ್ಪು ಸೇರದಿದ್ದರೂ ಏಪ್ರಿಲ್‌ನಲ್ಲಿ ಅಂಕಿ ಏರುತ್ತದೆ. ಆದ್ದರಿಂದ ತೂಬಿನ ಕಲ್ಲಿಗೆ ಬಣ್ಣದ ಗೆರೆ ಎಳೆದು, ನೀರು ಯಾವ ಗೆರೆಗಿದೆ ಎಂದು ಪ್ರತಿ ಸಲ ಬರೆಯಿರಿ. ಹೋಲಿಕೆಯನ್ನು ಅದೇ ಕೆರೆಯ ಹಿಂದಿನ ವರ್ಷದ ಅದೇ ತಿಂಗಳ ಜತೆ ಮಾಡಿ. ಬಂಡೆಯಿಂದಿಳಿದ ಮಳೆನೀರು ಕೂಡುವ ಬಾದಾಮಿಯ ಅಗಸ್ತ್ಯ ತೀರ್ಥಕ್ಕೂ ಎರೆಹೊಲದ ನಡುವಿನ ಹೊಂಡಕ್ಕೂ ಹೋಲಿಕೆ ಸಲ್ಲದು.

ಮೀಟರು ಕರಗಿದ ಲವಣಗಳ ಅಂದಾಜು ಮೊತ್ತ ಕೊಡುತ್ತದೆಯೇ ಹೊರತು ಯಾವ ಲವಣವೆಂದು ಹೇಳದು. ಉಪ್ಪಿನಲ್ಲಿರುವ ಕ್ಲೋರೈಡ್ ಎಷ್ಟೆಂದು ತಿಳಿಯಲು ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಅಧ್ಯಾಪಕರನ್ನು ಕೇಳಿ; ಸಿಲ್ವರ್ ನೈಟ್ರೇಟ್ ಟೈಟ್ರೇಷನ್ ಅವರಿಗೆ ಹೊಸದಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1000ದವರೆಗೆ ಅವಕಾಶವಿದೆ. ಈ ವಿನಾಯಿತಿಯನ್ನು ಮೀನು, ಕಪ್ಪೆಗಳಿಗೂ ಅನ್ವಯಿಸುವುದು ತಪ್ಪು. ಸಿಹಿನೀರಿನ ಜೀವಿಗಳಿಗೆ ದೀರ್ಘಾವಧಿಯ ಮಿತಿಯಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಸೂಚಿಸಿದ್ದು 230.

ಅಂಕಿ ಒಮ್ಮೆ ಏರಿತೆಂದು ಯಾರ ಮೇಲೂ ದೂರು ಹೊರಿಸಬೇಡಿ. ಕೆಲವು ತಿಂಗಳು ಒಂದೇ ಜಾಗದಲ್ಲಿ ವ್ಯತ್ಯಾಸ ಕಂಡರೆ ಸ್ವಚ್ಛ ಬಾಟಲಿಯಲ್ಲಿ ಒಂದು ಲೀಟರ್ ನೀರು ಹಿಡಿದು, ಮೇಲೆ ಸ್ಥಳ, ದಿನ, ಸಮಯ ಬರೆಯಿರಿ. ಆ ಬಾಟಲಿ ಮತ್ತು ಅಳತೆಪಟ್ಟಿಯ ನಕಲಿನೊಂದಿಗೆ ಪಂಚಾಯಿತಿಗೆ ಅರ್ಜಿ ಕೊಡಿ, ಪ್ರತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳಿಸಿ. ಎರಡೂ ಕಡೆ ಸ್ವೀಕೃತಿ ಪಡೆದೇ ಬನ್ನಿ.