ನಮ್ಮವರ ಅಕ್ರಮಕ್ಕೆ ಸಾಕ್ಷಿ ಹೇಳುವವರಾರು?

ತನ್ನ ಜನರನ್ನು ಪ್ರೀತಿಸುವುದು ಪಕ್ಷಪಾತವಾಗುತ್ತದೆಯೇ ಎಂದು ಒಬ್ಬರು ಪ್ರವಾದಿ(ಸ)ರೊಡನೆ ಕೇಳಿದರು. ಇಲ್ಲ, ತನ್ನ ಜನರು ಅಕ್ರಮವೆಸಗುವಾಗ ಅವರಿಗೆ ನೆರವಾಗುವುದೇ ಪಕ್ಷಪಾತ ಎಂಬ ಅರ್ಥದ ಉತ್ತರ ದೊರೆಯಿತು. ಅರಬಿಯಲ್ಲಿ ಇದಕ್ಕೆ ಅಸಬಿಯ್ಯತ್ ಎನ್ನುತ್ತಾರೆ. ಊರು, ಭಾಷೆ, ಕುಲ, ಸಮುದಾಯಗಳ ಮೇಲಿನ ಮಮತೆ ಮನುಷ್ಯನಿಗೆ ಸಹಜವಾದುದು. ಆ ಮಮತೆ ನ್ಯಾಯದ ಕಣ್ಣನ್ನು ಮುಚ್ಚಿದಾಗ ಅಸಬಿಯ್ಯತ್ ಹುಟ್ಟುತ್ತದೆ. ಅದು ಜನರನ್ನು ಎಲ್ಲಿಗೆ ಒಯ್ಯುತ್ತದೆಂದು ತಿಳಿಯಲು ಎರಡು ಘಟನೆಗಳನ್ನು ನೋಡೋಣ. ಒಂದು ನಮ್ಮ ರಾಜ್ಯದ್ದು, ಇನ್ನೊಂದು ಆಫ್ರಿಕಾದ್ದು.

ಬೀದರ್ ಮತ್ತು ಕಲಬುರಗಿ

ಕರಾವಳಿಯ ನಮಗೆ ಬೀದರ್ ದೂರದ ಊರು. ಅಲ್ಲಿನ 1948ರ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಭಾರತ ಸ್ವತಂತ್ರವಾದ ಮೇಲೂ ನಿಜಾಮರು ಒಕ್ಕೂಟಕ್ಕೆ ಸೇರಲಿಲ್ಲ. ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರು ಹಳ್ಳಿಗಳಲ್ಲಿ ಲೂಟಿ, ಕೊಲೆ ನಡೆಸಿದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಅವರು ಹಿಂದೂಗಳ ಹತ್ಯಾಕಾಂಡವನ್ನೇ ನಡೆಸಿದರು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. ಐದೇ ದಿನಗಳಲ್ಲಿ ನಿಜಾಮರ ಸೈನ್ಯ ಸೋತಿತು. ಅನಂತರ ಸೇಡಿನ ಬೆಂಕಿ ಹೊತ್ತಿತು. ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಮುಸ್ಲಿಮರು ಕೊಲ್ಲಲ್ಪಟ್ಟರು, ಅವರ ಮನೆ ಜಮೀನುಗಳು ಪರರ ಪಾಲಾದವು. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ಮತ್ತು ಕಾಝಿ ಅಬ್ದುಲ್ ಗಫ್ಫಾರ್‌ರ ತಂಡವು ಊರೂರು ಸುತ್ತಿ ವರದಿ ಬರೆಯಿತು. ಸಂಸ್ಥಾನದಲ್ಲಿ 27ರಿಂದ 40 ಸಾವಿರ ಜನರು ಸತ್ತಿರಬೇಕೆಂದು ಅದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಮತ್ತು ಕಲಬುರಗಿಯೂ ಇದ್ದವು. ಮುಸ್ಲಿಮರನ್ನು ಪ್ರಾಣದ ಹಂಗು ತೊರೆದು ಕಾಪಾಡಿದ ಹಿಂದೂಗಳನ್ನೂ ವರದಿ ಸ್ಮರಿಸುತ್ತದೆ. ಮುಸ್ಲಿಮ್ ನೇಕಾರರಿಗಾಗಿ ಹಿಂದೂ ನೇಕಾರರು ತಮ್ಮವರನ್ನೇ ಎದುರಿಸಿ ನಿಂತರು. ಈ ವರದಿ ಸಾರ್ವಜನಿಕರಿಗೆ ತೆರೆದದ್ದು 2013ರಲ್ಲಿ.

ಅಷ್ಟು ವರ್ಷಗಳ ಮೌನದಲ್ಲಿ ಏನಾಯಿತು? ಒಂದು ಮನೆಯಲ್ಲಿ ಗೋರ್ಟಾದ ಕಥೆ ಮಾತ್ರ ಉಳಿಯಿತು, ಇನ್ನೊಂದು ಮನೆಯಲ್ಲಿ ಸೆಪ್ಟೆಂಬರಿನ ಕಥೆ ಮಾತ್ರ. ಎರಡೂ ಸತ್ಯ. ಆದರೆ ಅರ್ಧವನ್ನಷ್ಟೇ ಕೇಳಿ ಬೆಳೆದ ಮಗುವಿನ ಮನಸ್ಸಿನಲ್ಲಿ ಸತ್ಯವೂ ಸೇಡಾಗಿ ಬಲಿಯುತ್ತದೆ.

ರುವಾಂಡಾ

ಇನ್ನು ಆಫ್ರಿಕಾದ ಪುಟ್ಟ ದೇಶ ರುವಾಂಡಾವನ್ನು ನೋಡಿ. ಅಲ್ಲಿ ಹುಟು ಬಹುಸಂಖ್ಯಾತರು, ಟುಟ್ಸಿ ಅಲ್ಪಸಂಖ್ಯಾತರು. ಇಬ್ಬರ ಭಾಷೆ ಒಂದೇ, ವಾಸಿಸುವ ಗುಡ್ಡಗಳೂ ಒಂದೇ. ಪರಸ್ಪರ ಮದುವೆ ಸಂಬಂಧಗಳೂ ಇದ್ದವು. ಆಳುತ್ತಿದ್ದ ಬೆಲ್ಜಿಯಂನವರು 1930ರ ದಶಕದಲ್ಲಿ ಪ್ರತಿಯೊಬ್ಬನ ಗುರುತಿನ ಚೀಟಿಯಲ್ಲಿ ಕುಲದ ಹೆಸರನ್ನು ಬರೆಸಿದರು. ಮೊದಲು ಟುಟ್ಸಿಗಳನ್ನು ಮೇಲೆತ್ತಿ, ಕೊನೆಗೆ ಹುಟುಗಳ ಕಡೆ ವಾಲಿದರು. 1959ರ ಬಳಿಕ ಟುಟ್ಸಿಗಳು ಗುಂಪುಗುಂಪಾಗಿ ದೇಶಬಿಟ್ಟು ಓಡಿದರು. 1990ರಲ್ಲಿ ಅವರ ಮಕ್ಕಳು ಆಯುಧ ಹಿಡಿದು ಮರಳಿದಾಗ ಯುದ್ಧ ಆರಂಭವಾಯಿತು. 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಲಾಯಿತು. ಮುಂದಿನ ಸುಮಾರು 100 ದಿನಗಳಲ್ಲಿ ಎಂಟು ಲಕ್ಷದಷ್ಟು ಜನರ ಕಗ್ಗೊಲೆಯಾಯಿತು. ಸತ್ತವರಲ್ಲಿ ಬಹುತೇಕರು ಟುಟ್ಸಿಗಳು. ಕೊಲೆಯನ್ನು ವಿರೋಧಿಸಿದ ಹುಟುಗಳೂ ಉಳಿಯಲಿಲ್ಲ. ಟುಟ್ಸಿಗಳನ್ನು ಜಿರಳೆಗಳೆಂದು ಕರೆದ ರೇಡಿಯೋ ಕೊಲೆಗಾರರಿಗೆ ದಾರಿ ತೋರಿಸುತ್ತಿತ್ತು. ಮನುಷ್ಯನನ್ನು ಹುಳವೆಂದು ಕರೆಯಲು ಕಲಿತವನಿಗೆ ಮಚ್ಚು ಎತ್ತುವುದು ಕಷ್ಟವಾಗಲಿಲ್ಲ.

ರುವಾಂಡಾದ ಮುಸ್ಲಿಮರು ಚಿಕ್ಕ ಸಮುದಾಯ. ಅವರಲ್ಲಿ ಹುಟುಗಳೂ ಟುಟ್ಸಿಗಳೂ ಇದ್ದರು. ಅನೇಕ ಮುಸ್ಲಿಮ್ ಕುಟುಂಬಗಳು ಮನೆ, ಮಸೀದಿಗಳಲ್ಲಿ ಟುಟ್ಸಿಗಳನ್ನು ಅಡಗಿಸಿ ಉಳಿಸಿದವು. ಅದನ್ನು ಕಂಡ ಅನೇಕರು ಮುಂದೆ ಇಸ್ಲಾಮ್ ಸ್ವೀಕರಿಸಿದರು.

ಇದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೂಬೇಕು. ಆದರೆ ಟುಟ್ಸಿಗಳ ವಿರುದ್ಧ ವಿಷ ಕಾರಿದ ‘ಕಂಗುರಾ’ ಪತ್ರಿಕೆಯ ಸಂಪಾದಕ ಹಸನ್ ನ್ಗೇಝೆ ಕೂಡ ಮುಸ್ಲಿಮನೇ. ಅಂತಾರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಅವನನ್ನು ಅಪರಾಧಿಯೆಂದು ಸಾರಿತು. ಹೈದರಾಬಾದಿನಲ್ಲಿ ಇನ್ನೊಬ್ಬ ಮುಸ್ಲಿಮ್ ಸಂಪಾದಕರಿದ್ದರು: ‘ಇಮ್ರೋಝ್’ ಪತ್ರಿಕೆಯ ಶೋಯೆಬುಲ್ಲಾ ಖಾನ್. ರಜಾಕಾರರ ಅಕ್ರಮವನ್ನು ಅವರು ನೇರವಾಗಿ ಖಂಡಿಸಿ ಬರೆದರು. 1948ರ ಆಗಸ್ಟ್‌ನಲ್ಲಿ ಅವರನ್ನು ಕೊಲ್ಲಲಾಯಿತು. ಇಬ್ಬರ ಕೈಯಲ್ಲೂ ಲೇಖನಿ ಇತ್ತು, ಇಬ್ಬರ ಹೆಸರೂ ಮುಸ್ಲಿಮ್ ಹೆಸರೇ. ಒಬ್ಬ ತನ್ನವರ ದ್ವೇಷಕ್ಕೆ ಎಣ್ಣೆಯೆರೆದ. ಇನ್ನೊಬ್ಬರು ತನ್ನವರ ಅಕ್ರಮಕ್ಕೆ ಸಾಕ್ಷಿ ಹೇಳಿದರು.

ನಮ್ಮ ಪಾಠ

ನ್ಯಾಯಕ್ಕಾಗಿ ಸಾಕ್ಷಿ ನುಡಿಯಿರಿ, ಅದು ನಿಮಗಾಗಲಿ ಹೆತ್ತವರಿಗಾಗಲಿ ವಿರುದ್ಧವಾಗಿದ್ದರೂ ಸರಿ ಎಂಬುದು ಅನ್ನಿಸಾ ಅಧ್ಯಾಯದ 135ನೇ ಸೂಕ್ತದ ಆದೇಶ. ಒಂದು ಜನತೆಯ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ದೂರ ಒಯ್ಯದಿರಲಿ ಎಂಬುದು ಅಲ್ ಮಾಇದ ಅಧ್ಯಾಯದ 8ನೇ ಸೂಕ್ತದ ಎಚ್ಚರಿಕೆ. ಮೊದಲನೆಯದು ಪ್ರೀತಿಗೆ ಹಾಕಿದ ಕಡಿವಾಣ, ಎರಡನೆಯದು ದ್ವೇಷಕ್ಕೆ ಹಾಕಿದ ಕಡಿವಾಣ. ಎರಡೂ ಬೇಕು.

ರುವಾಂಡಾದವರು ಗುರುತಿನ ಚೀಟಿಯಿಂದ ಕುಲದ ಹೆಸರನ್ನು ತೆಗೆದರು. ಗಚಾಚಾ ಎಂಬ ಊರ ಪಂಚಾಯತಿಗಳನ್ನು ಕೂಡಿಸಿ, 2012ರ ತನಕ ಲಕ್ಷಾಂತರ ಪ್ರಕರಣಗಳನ್ನು ನೊಂದವರ ಮುಂದೆಯೇ ವಿಚಾರಣೆ ಮಾಡಿದರು. ಅದರಲ್ಲಿ ಕೊರತೆಗಳಿದ್ದವು. ಆದರೂ ನೆರೆಕರೆಯವರು ಮುಖಾಮುಖಿಯಾಗಿ ಸತ್ಯ ಕೇಳುವ ಒಂದು ದಾರಿ ತೆರೆಯಿತು.

ನಮ್ಮ ಮನೆಯ ಗತಿಯೇನು? ಮಗ ಯಾರಿಗೋ ಹೊಡೆದು ಬಂದನೆಂದು ತಿಳಿದಾಗ ನಾವು ಮೊದಲು ಕೇಳುವುದೇನು? ಏಕೆ ಹೊಡೆದೆ ಎಂದೇ, ಪೆಟ್ಟು ತಿಂದವನು ಯಾವ ಜಾತಿಯವನೆಂದೇ? ಬ್ಯಾರಿ ಮನೆಯಲ್ಲಿ ಉರ್ದು ಮಾತಾಡುವವರ ಗೇಲಿ, ಉರ್ದು ಮನೆಯಲ್ಲಿ ಬ್ಯಾರಿಗಳ ಗೇಲಿ ಮಕ್ಕಳ ಕಿವಿಗೆ ಬೀಳುವುದಿಲ್ಲವೇ? ನೆರೆಯ ಹಿಂದೂ, ಕ್ರೈಸ್ತರ ಬಗ್ಗೆ ಊಟದ ಹೊತ್ತಿನಲ್ಲಿ ನಾವಾಡುವ ಮಾತು ಅವರು ಬಾಗಿಲಲ್ಲಿ ನಿಂತು ಕೇಳಬಹುದಾದ ಮಾತೇ?

ಸಹೋದರನು ಅಕ್ರಮಿಯಾಗಿದ್ದರೂ ಅವನಿಗೆ ನೆರವಾಗಿ, ಅವನ ಕೈ ಹಿಡಿದು ತಡೆಯುವುದೇ ಆ ನೆರವು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ನಮ್ಮವರನ್ನು ನಿಜವಾಗಿ ಪ್ರೀತಿಸುವವನು ಆ ಕೈಯನ್ನು ಹಿಡಿಯುತ್ತಾನೆ. ಅಲ್ಲಾಹನು ನಮಗೆ ಆ ಧೈರ್ಯವನ್ನು ಕರುಣಿಸಲಿ. ಆಮೀನ್.